ನೀರಿನ ಟ್ಯಾಂಕ್ ದಾಟಿಸಿದ ಕಾರು

ಮೇಷ್ಟ್ರ ಬಲಗಾಲಿನ ಶೂ ಎಡಗಾಲಿನದಕ್ಕಿಂತ ಬೇಗ ಸವೆಯುತ್ತದೆ. ಇಡೀ ಅಟ್ಟೆಯೇನೂ ಅಲ್ಲ, ಹೆಬ್ಬೆರಳಿನ ಬುಡಕ್ಕೆ ನೇರವಾಗಿ ಒಂದು ನಾಣ್ಯದಷ್ಟು ಜಾಗ ಮಾತ್ರ. ಶೂ ರಿಪೇರಿ ಮಾಡುವವನು ಪ್ರತಿ ಸಲವೂ ಆ ಜಾಗಕ್ಕೊಂದು ಬಿಲ್ಲೆ ಅಂಟಿಸಿ, "ಇನ್ನೊಂದು ಕಾಲು ನೀವು ಬಳಸೋದೇ ಇಲ್ವಾ ಮೇಷ್ಟ್ರೇ?" ಎಂದು ಕೇಳುತ್ತಾನೆ.

ಕಾರಣ ಸರಳ. ಅವರು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಕಲಿಸುವ ಕಾರಿನಲ್ಲಿ ಚಾಲಕನ ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕ್ ಇರುತ್ತದೆ. ಮೂವತ್ತು ವರ್ಷ ಅವರು ಕೂತದ್ದು ಆ ಪಕ್ಕದ ಸೀಟಿನಲ್ಲಿ. ಬ್ರೇಕ್ ಒತ್ತಬೇಕಾಗಿ ಬರುವುದು ದಿನಕ್ಕೆ ಕೆಲವೇ ಸಲ, ಆದರೆ ಒತ್ತಲು ಸಿದ್ಧವಾಗಿರಬೇಕಾದದ್ದು ಇಡೀ ದಿನ. ಕಾಲು ಹೀಗಾದರೆ, ಬಾಯಿಯದು ಇನ್ನೊಂದು ಕಥೆ. "ಕನ್ನಡಿ ನೋಡಿ. ಇಂಡಿಕೇಟರ್ ಹಾಕಿ. ಕ್ಲಚ್ ಪೂರ್ತಿ ಒಳಗೆ. ನಿಧಾನ... ನಿಧಾನ... ನಿಧಾನ ಅಂದ್ನಲ್ರೀ!" ಈ ಸಾಲುಗಳನ್ನು ಅವರು ನಿದ್ದೆಯಲ್ಲೂ ಹೇಳುತ್ತಾರೆಂದು ಅವರ ಹೆಂಡತಿಯ ದೂರು. ನನಗೆ ಡ್ರೈವಿಂಗ್ ಕಲಿಸಿದ್ದೂ ಅವರೇ. ಇಂದಿಗೂ ಒಬ್ಬನೇ ಕಾರು ಓಡಿಸುವಾಗ ಪಕ್ಕದ ಖಾಲಿ ಸೀಟಿನಿಂದ ಆ ದನಿ ಕೇಳಿಸುತ್ತದೆ. ನಮ್ಮಲ್ಲಿ ಅವರಿಗೆ 'ಬ್ರೇಕ್ ಮೇಷ್ಟ್ರು' ಎಂದೇ ಹೆಸರು.

ಸ್ಕೂಲಿನ ಪಕ್ಕದ ಮಳಿಗೆಯೇ ಹೆಂಡತಿಯ ಫೋಟೋ ಸ್ಟುಡಿಯೋ. ಲೈಸೆನ್ಸಿಗೆ ಅರ್ಜಿ ಹಾಕುವವರೆಲ್ಲ ಮೊದಲು ಆಕೆಯ ಮುಂದಿನ ಸ್ಟೂಲಿನ ಮೇಲೆ ಕೂರಬೇಕು. ಹಾಗಾಗಿ ಊರಿನ ಮುಖಗಳೆಲ್ಲ ಸ್ಟುಡಿಯೋ ಅಕ್ಕನಿಗೆ ಗೊತ್ತು. ಯಾವ ನಗು ಒಳಗಿನಿಂದ ಬಂದದ್ದು, ಯಾವುದು 'ಸ್ವಲ್ಪ ನಗಿ' ಎಂದದ್ದಕ್ಕೆ ತುಟಿ ಮಾಡಿದ ಉಪಕಾರ ಎಂಬುದನ್ನು ಆಕೆ ಕಣ್ಣಿನ ಕೆಳಗಿನ ಗೆರೆ ನೋಡಿಯೇ ಹೇಳಬಲ್ಲರು.

ಇಂಥ ಮನೆಯಲ್ಲಿ, ಬೀರುವಿನ ಬಾಗಿಲಿನ ಒಳಮೈಗೆ, ಮೇಷ್ಟ್ರು ಹರೆಯದಿಂದಲೂ ಸ್ಪೋರ್ಟ್ಸ್ ಕಾರುಗಳ ಚಿತ್ರ ಕತ್ತರಿಸಿ ಅಂಟಿಸುತ್ತ ಬಂದಿದ್ದರು. ಒಂದರ ಮೇಲೊಂದು ಅಂಟಿ ಬಾಗಿಲು ಸರಿಯಾಗಿ ಮುಚ್ಚದಷ್ಟು ದಪ್ಪವಾಗಿತ್ತು. ಯಾವ ಕಾರಿನ ತೂಕ ಎಷ್ಟು, ಯಾವುದರ ಇಂಜಿನ್ ಮುಂದೆ, ಯಾವುದರದು ಹಿಂದೆ ಎಂಬುದೆಲ್ಲ ಬಾಯಿಪಾಠ. ಬೀದಿಯಲ್ಲಿ ಅಂಥದ್ದೊಂದು ನಿಂತಿದ್ದರೆ ಸುತ್ತ ಒಂದು ಸುತ್ತು ಬಂದು, ಗಾಜಿಗೆ ಮೂಗು ಒತ್ತಿ ಒಳಗೆ ನೋಡಿಯೇ ಮುಂದೆ ಹೋಗುತ್ತಿದ್ದರು.

ಹೋದ ವರ್ಷ ಮಗಳು ಸ್ಕೂಲಿನ ಅರ್ಧ ಕೆಲಸ ತಾನೇ ವಹಿಸಿಕೊಂಡಳು. ಒಂದು ಸಂಜೆ ಊಟಕ್ಕೆ ಕೂತಾಗ ಮಾತು ತೆಗೆದವಳೂ ಅವಳೇ.

"ಅಪ್ಪಾ, ಇನ್ನೆಷ್ಟು ದಿನ ಗಾಜಿಗೆ ಮೂಗು ಒತ್ತುತ್ತೀಯ? ತಗೊಂಡ್ಬಿಡು ಒಂದು."

ಮೇಷ್ಟ್ರು ತಟ್ಟೆಯಿಂದ ತಲೆ ಎತ್ತಲಿಲ್ಲ. "ನಿಮ್ಮಮ್ಮನ್ನ ಕೇಳು."

"ನನ್ನನ್ನೇನು ಕೇಳೋದು? ದುಡ್ಡಿಗೇನೂ ತೊಂದರೆ ಇಲ್ಲ," ಎಂದರು ಸ್ಟುಡಿಯೋ ಅಕ್ಕ. "ಆದ್ರೆ ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬಾರ್ದು. ನೀವು ಕಾರು ಓಡಿಸಿ ಖುಷಿಪಟ್ಟಿದ್ದನ್ನ ನಾನು ಇವತ್ತಿನ ತನಕ ನೋಡಿಲ್ಲ. ಎಲ್ಲಿಗೆ ಹೋದ್ರೂ ಓಡಿಸೋದು ನಾನು, ಇಲ್ಲಾಂದ್ರೆ ಇವಳು. ಅಪರೂಪಕ್ಕೆ ನೀವು ಸ್ಟೀರಿಂಗ್ ಹಿಡಿದ್ರೆ ಪರೀಕ್ಷೆಗೆ ಕೂತ ಮಗು ಥರ ಬೆವರ್ತೀರ. ನಿಮಗೆ ಬೇಕಾಗಿರೋದು ಕಾರೋ, ಕಾರಿನ ಚಿತ್ರಾನೋ?"

ಮಗಳು ನಕ್ಕಳು. ಮೇಷ್ಟ್ರು ನಗಲಿಲ್ಲ. ಆ ಪ್ರಶ್ನೆಯನ್ನು ಅವರು ಒಳಗೊಳಗೇ ತಮಗೆ ತಾವೇ ಎಷ್ಟೋ ಸಲ ಕೇಳಿಕೊಂಡಿದ್ದರೆಂದು ಆಮೇಲೆ ನನಗೆ ಹೇಳಿದರು. ಅಪಾಯ ಎಲ್ಲಿಂದ ಬರಬಹುದು ಎಂದು ಕಾದು ಕೂತೇ ಬದುಕು ಕಳೆದವನಿಗೆ, ರಸ್ತೆಯಲ್ಲಿ ಸಂತೋಷ ಎಂಬುದು ಇನ್ನೂ ಉಳಿದಿದೆಯೇ? ಉಳಿದಿಲ್ಲ ಎಂದಾದರೆ ಬೀರುವಿನ ಬಾಗಿಲಿಗೆ ಅರ್ಥವಿಲ್ಲ.

ಕರಾರಾಯಿತು. ಮೂರು ಕಾರು ಓಡಿಸಿ ನೋಡುವುದು. ಮೂರರಲ್ಲಿ ಒಂದರಲ್ಲಾದರೂ ಅವರಿಗೆ ನಿಜವಾಗಿ ಖುಷಿಯಾದದ್ದು ಹೆಂಡತಿಗೆ ಕಂಡರೆ ಅದೇ ಕಾರು. ಇಲ್ಲವಾದರೆ ಚಿತ್ರಗಳನ್ನೆಲ್ಲ ಕಿತ್ತುಹಾಕಬೇಕು, ಆ ಮಾತನ್ನು ಮತ್ತೆ ಎತ್ತಬಾರದು.

"ನೀನೇ ಜಡ್ಜು," ಎಂದರು ಮೇಷ್ಟ್ರು. ಕೈ ತೊಳೆದವರೇ ಮೂರು ಕಾರುಗಳ ಪಟ್ಟಿ ಬರೆಯಲು ಕೂತರು.

ಹೋಲಿಕೆ ಮಾಡುವುದಾದರೆ ರಸ್ತೆ ಒಂದೇ ಇರಬೇಕು ಎಂಬುದು ಮೇಷ್ಟ್ರ ಪಟ್ಟು, ಅದು ಸರಿಯೂ ಹೌದು. ಅವರು ಆರಿಸಿದ್ದು ಪರೀಕ್ಷೆಯ ರಸ್ತೆ: ಊರಾಚೆಯ ಗುಡ್ಡ ಹತ್ತಿ, ಅರ್ಧ ದಾರಿಯಲ್ಲಿರುವ ಸಿಮೆಂಟಿನ ನೀರಿನ ಟ್ಯಾಂಕಿನವರೆಗೆ. ವಿದ್ಯಾರ್ಥಿಗಳು ಅಲ್ಲಿ ಏರಿನಲ್ಲೇ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಕ್ಕೆ ಒಂದಿಷ್ಟೂ ಜಾರದಂತೆ ಹೊರಟು ತೋರಿಸಬೇಕು. ಆಮೇಲೆ ಟ್ಯಾಂಕಿನ ಮುಂದಿನ ಜಾಗದಲ್ಲಿ ತಿರುಗಿಸಿ ವಾಪಸ್. ರಸ್ತೆಯೇನೋ ಟ್ಯಾಂಕಿನಾಚೆಗೂ ಗುಡ್ಡದ ತುದಿಯವರೆಗೆ ಹೋಗುತ್ತದೆ. ಆದರೆ ಆಚೆಗೆ ಪಾಠವಿಲ್ಲ. ಆ ಟ್ಯಾಂಕಿನವರೆಗೆ ಸಾವಿರಾರು ಸಲ ಹೋಗಿದ್ದ ಮೇಷ್ಟ್ರು ಅದನ್ನು ದಾಟಿ ಒಂದು ಸಲವೂ ಹೋಗಿರಲಿಲ್ಲ.

ಕಾರುಗಳ ಒಳಗೆ ನಡೆದ ಮಾತುಕತೆಯನ್ನು ಗಂಡ ಹೆಂಡತಿ ನನಗೆ ಬೇರೆ ಬೇರೆಯಾಗಿ ಹೇಳಿದ್ದಾರೆ. ಇಬ್ಬರ ಮಾತೂ ತಾಳೆಯಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ತಾಳೆಯಾಗದ್ದು ಒಂದೇ ಒಂದು ಇದೆ, ಅದನ್ನು ಆ ಜಾಗ ಬಂದಾಗ ಹೇಳುತ್ತೇನೆ.

ಮೊದಲನೆಯದು ಕೆಂಪು ಕಾರು, ಷೋರೂಮಿನದು. ಉದ್ದ ಮೂತಿ, ದೊಡ್ಡ ಇಂಜಿನ್, ಮುಚ್ಚಿದ ಚಾವಣಿ. ಬೀರುವಿನ ಬಾಗಿಲಿನಲ್ಲಿ ಎಲ್ಲಕ್ಕಿಂತ ಮೇಲೆ ಅಂಟಿಸಿದ್ದು ಇದನ್ನೇ. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಸೇಲ್ಸ್‌ಮನ್ ಕೀಲಿ ಕೊಟ್ಟ. ಮೇಷ್ಟ್ರು ಗಂಭೀರವಾಗಿ ಬಾಗಿಲು ತೆಗೆದು, ಒಳಗೆ ಕೂತು, ಸೀಟು ಸರಿಮಾಡಿಕೊಂಡು, ಬೆಲ್ಟ್ ಬಿಗಿದು, ಕಾದರು.

ಸೇಲ್ಸ್‌ಮನ್ ಕಿಟಕಿಗೆ ಬಗ್ಗಿದ. "ಸಾರ್... ಸ್ಟೀರಿಂಗ್ ಆ ಕಡೆ ಇದೆ."

ಅಕ್ಕ ಷೋರೂಮಿನ ಗಾಜಿನ ಕಡೆ ತಿರುಗಿ ಭುಜ ಕುಣಿಸುತ್ತ ನಿಂತರು. ಮೇಷ್ಟ್ರು ಬೆಲ್ಟ್ ಬಿಚ್ಚಿ, ಇಳಿದು, ಕಾರನ್ನು ಸುತ್ತಿ ಬಂದು ಇನ್ನೊಂದು ಬದಿಯಲ್ಲಿ ಕೂತರು. ಸೇಲ್ಸ್‌ಮನ್ ಹಿಂದಿನ ಪುಟ್ಟ ಸೀಟಿನಲ್ಲಿ ಮಡಚಿದ ಛತ್ರಿಯ ಹಾಗೆ ತೂರಿಕೊಂಡ. ಇಂಜಿನ್ ಗುಡುಗಿತು.

"ಕನ್ನಡಿ," ಎಂದರು ಮೇಷ್ಟ್ರು. "ಇಂಡಿಕೇಟರ್. ಹಿಂದೆ ಸೈಕಲ್ ಇದೆ, ಹೋಗ್ಲಿ. ಈಗ ಕ್ಲಚ್."

"ಯಾರಿಗೆ ಹೇಳ್ತಿದ್ದಾರೆ ಮೇಡಂ?" ಎಂದ ಸೇಲ್ಸ್‌ಮನ್ ಪಿಸುಮಾತಿನಲ್ಲಿ.

"ಅವರಿಗೇ. ನೀವು ಸುಮ್ನೆ ಕೂತ್ಕೊಳ್ಳಿ."

ಓಟದ ಕುದುರೆಯಂಥ ಆ ಕಾರು ಎತ್ತಿನ ಗಾಡಿಯ ವೇಗದಲ್ಲಿ ಗುಡ್ಡ ಹತ್ತಿತು. ಮೇಷ್ಟ್ರು ಪ್ರತಿ ತಿರುವಿಗೂ ಪಕ್ಕಕ್ಕೆ, ಹೆಂಡತಿಯ ಕಾಲಿನ ಕಡೆಗೆ ನೋಡುತ್ತಿದ್ದರು.

"ನನ್ನ ಕಾಲಲ್ಲೇನಿದೆ?"

"ಅಲ್ಲಿ ಬ್ರೇಕ್ ಇಲ್ಲ ಕಣೇ."

"ಇಲ್ಲ. ಮೂರನೇ ಸಲ ಹೇಳ್ತಿದ್ದೀರ."

"ಹಾಗಲ್ಲ, ನಾನೇನಾದ್ರೂ ತಪ್ಪು ಮಾಡಿದ್ರೆ ಒತ್ತೋರು ಯಾರು?"

ಇದು ತಮಾಷೆಗೆ ಹೇಳಿದ ಮಾತಲ್ಲ. ಚಾಲಕನ ಪಕ್ಕದಲ್ಲಿ ಕಾಯುವವನೊಬ್ಬ ಇರಬೇಕು ಎಂಬುದು ಅವರ ಮೈಯಲ್ಲೇ ಸೇರಿಹೋಗಿತ್ತು. ಈಗ ಅವರು ಚಾಲಕರಾಗಿದ್ದರು, ಪಕ್ಕದಲ್ಲಿ ಮೇಷ್ಟ್ರು ಇರಲಿಲ್ಲ. ಟ್ಯಾಂಕಿನ ಹತ್ತಿರ ನಿಲ್ಲಿಸಿದರು, ಹ್ಯಾಂಡ್‌ಬ್ರೇಕ್ ಎಳೆದರು, ಒಂದಿಷ್ಟೂ ಜಾರದೆ ಹೊರಟರು, ತಿರುಗಿಸಿದರು. ಪರೀಕ್ಷೆಯಾಗಿದ್ದರೆ ಪೂರ್ತಿ ಅಂಕ. ಇಳಿದಾಗ ಅಂಗಿಯ ಬೆನ್ನು ಒದ್ದೆ.

"ಹೇಗಿತ್ತು ಸಾರ್?" ಎಂದ ಸೇಲ್ಸ್‌ಮನ್, ಸೊಂಟ ನೇರ ಮಾಡಿಕೊಳ್ಳುತ್ತ.

ಮೇಷ್ಟ್ರು ಹೆಂಡತಿಯ ಮುಖ ನೋಡಿದರು. ಆಕೆ ಇಲ್ಲವೆಂದು ತಲೆಯಾಡಿಸಿದರು.

ಎರಡನೆಯದು ಅದೇ ಮಧ್ಯಾಹ್ನ. ಬೆಳ್ಳಿ ಬಣ್ಣ, ಗೇರ್ ಬದಲಿಸುವ ಕೆಲಸವೇ ಇಲ್ಲ, ಸದ್ದೂ ಇಲ್ಲ. ಮಗಳ ಪಣ ಇದರ ಮೇಲಿತ್ತು. ಮುಂದೆ ಏನಾದರೂ ಅಡ್ಡ ಬಂದರೆ ಈ ಕಾರು ತಾನೇ ಬ್ರೇಕ್ ಹಾಕಿಕೊಳ್ಳುತ್ತದೆ. ಅಪ್ಪನಿಗೆ ಬೇಕಾದದ್ದು ಇದೇ ತಾನೆ?

"ನಾನು ಜೊತೆಗೆ ಬರಲ್ಲ ಸಾರ್," ಎಂದಳು ಅಲ್ಲಿಯ ಹುಡುಗಿ. "ಕಾರೇ ನಿಮ್ಮನ್ನ ನೋಡ್ಕೊಳ್ಳುತ್ತೆ."

ಈ ಸಲ ಮೇಷ್ಟ್ರು ಸರಿಯಾದ ಬಾಗಿಲನ್ನೇ ತೆಗೆದರು. ಹೊರಟದ್ದೂ ಚೆನ್ನಾಗಿಯೇ. "ಕನ್ನಡಿ," ಎಂದರು. ಕಾರು ಟಿಣ್ ಎಂದಿತು. "ಇಂಡಿಕೇಟರ್," ಎಂದರು. ಟಿಣ್ ಟಿಣ್. ರಸ್ತೆಯ ಗೆರೆಯಿಂದ ಒಂದು ಗೇಣು ಸರಿದರೆ ಸ್ಟೀರಿಂಗ್ ಕೈಯೊಳಗೇ ನಡುಗಿ ಎಚ್ಚರಿಸಿತು. ಮುಂದಿನ ವಾಹನ ಇನ್ನೂ ಅಷ್ಟು ದೂರವಿದ್ದಾಗಲೇ ಪರದೆಯ ಮೇಲೆ ಕೆಂಪು ಗುರುತು ಮಿನುಗಿತು.

"ನೋಡ್ತಾ ಇದ್ದೀನಿ! ನನಗೂ ಕಣ್ಣಿದೆ!" ಎಂದರು ಮೇಷ್ಟ್ರು, ಕಾರಿಗೆ.

ಟಿಣ್.

"ಎದುರುತ್ತರ ಬೇರೆ!"

ಗುಡ್ಡದ ಬುಡದಲ್ಲಿ ಗಾಳಿಗೆ ಒಂದು ಪ್ಲಾಸ್ಟಿಕ್ ಚೀಲ ಹಾರಿ ಬಂತು. ಮೇಷ್ಟ್ರು ಅದನ್ನು ಕಂಡಿದ್ದರು. ಚೀಲ ಎಂದು ತಿಳಿದು ಮುಂದುವರಿಯುವವರಿದ್ದರು. ಅಷ್ಟರಲ್ಲಿ ಕಾರು ತಾನೇ ಗಕ್ಕನೆ ನಿಂತಿತು. ಇಬ್ಬರೂ ಬೆಲ್ಟಿಗೆ ಜೋತುಬಿದ್ದರು.

"ಅದು ಚೀಲ! ಬರೀ ಚೀಲ! ನಾನು ನೋಡಿದ್ದೆ!" ಮೇಷ್ಟ್ರು ಸ್ಟೀರಿಂಗ್ ಗುದ್ದಿದರು. ಗುದ್ದಿದ ಕೈ ತೆಗೆದು ಹೆಂಡತಿಯ ಕಡೆ ತಿರುಗಿದರು. ಮೆಲ್ಲಗೆ ಹೇಳಿದರು: "ಲೇ... ನನ್ನ ಹತ್ರ ಕಲಿತೋರಿಗೆಲ್ಲ ಹೀಗೇ ಅನ್ಸಿರ್ಬೇಕಲ್ವಾ?"

"ಪಾಪ, ಅವರಿಗೆ ಗುದ್ದೋಕೂ ಆಗ್ತಿರಲಿಲ್ಲ. ನೀವು ಪಕ್ಕದಲ್ಲೇ ಇರ್ತಿದ್ರಿ."

ಟ್ಯಾಂಕಿನ ಹತ್ತಿರ ನಿಲ್ಲಿಸಿ, ತಿರುಗಿಸಿ, ಇಳಿಯುವಾಗ ಮೇಷ್ಟ್ರಿಗೆ ಕರಾರು ನೆನಪಾಯಿತು. ಎರಡು ಕಾರು ಮುಗಿದಿತ್ತು. ತುಟಿ ಅಗಲಿಸಿ, ಹಲ್ಲು ಕಾಣಿಸಿ, ಹೆಂಡತಿಯ ಕಡೆ ತಿರುಗಿದರು.

"ಆಹಾ, ಎಷ್ಟು ಮಜಾ ಇದೆ ಅಲ್ವಾ ಇದು!"

ಆಕೆ ಕಣ್ಣಿನ ಕೆಳಗಿನ ಗೆರೆ ನೋಡಿದರು. "ಇದು ಗ್ರೂಪ್ ಫೋಟೋ ನಗು. ಹಿಂದಿನ ಸಾಲಿನಲ್ಲಿ ನಿಂತೋರದ್ದು. ನನ್ನ ಹತ್ರ ನಡೆಯಲ್ಲ."

ಆ ಸಂಜೆ ಮೇಷ್ಟ್ರು ಬೀರುವಿನ ಮುಂದೆ ನಿಂತು, ಒಂದು ಚಿತ್ರದ ಮೂಲೆಯನ್ನು ಉಗುರಿನಿಂದ ಎಬ್ಬಿಸಿ ಮತ್ತೆ ಅಂಟಿಸಿದ್ದನ್ನು ಮಗಳು ನೋಡಿದಳು. "ಮೂರನೇದು ಇನ್ನೂ ಇದೆ ಅಪ್ಪಾ," ಎಂದಳು. "ಅದು ಹಳೇದು ಕಣಮ್ಮ," ಎಂದರು ಅವರು. "ಚಿಕ್ಕ ಇಂಜಿನ್. ಪಟ್ಟಿಯಲ್ಲಿ ಮೂರು ಇರ್ಬೇಕಲ್ಲ ಅಂತ ಸೇರಿಸಿದ್ದು."

ಮೂರನೆಯದರ ಒಡತಿ ಪ್ರಾಣಿಗಳ ಡಾಕ್ಟರು. ಮರುದಿನ ಬೆಳಿಗ್ಗೆ ಅವರ ಚಿಕಿತ್ಸಾಲಯದ ಹಿಂದಿನ ಅಂಗಳಕ್ಕೆ ಗಂಡ ಹೆಂಡತಿ ಹೋದಾಗ, ಹಳದಿ ಬಣ್ಣದ ಪುಟ್ಟ ಕಾರೊಂದು ಹಸಿರು ಟಾರ್ಪಾಲಿನ ಕೆಳಗಿನಿಂದ ಮೂತಿ ಹೊರಹಾಕಿ ನಿಂತಿತ್ತು. ಎರಡೇ ಸೀಟು. ಬಟ್ಟೆಯ ಚಾವಣಿ. ಪಕ್ಕದ ಸೀಟಿನ ತುಂಬ ಕಂದು ಕೂದಲು.

"ಯಾಕೆ ಮಾರ್ತಿದ್ದೀರ ಡಾಕ್ಟ್ರೇ?" ಎಂದು ಮೇಷ್ಟ್ರು ವಿಚಾರಣೆಯ ದನಿಯಲ್ಲಿ ಕೇಳಿದರು.

"ಇದರಲ್ಲಿ ಒಂದು ನಾಯಿ ಕೂರುತ್ತೆ. ನನ್ನ ಹತ್ರ ಈಗ ಎರಡಿದೆ." ಆಕೆ ಕೀಲಿಯನ್ನು ಗಾಳಿಯಲ್ಲೇ ಎಸೆದರು. "ಹೋಗಿ ಬನ್ನಿ. ನನಗೆ ಒಂದು ಬೆಕ್ಕಿನ ಹಲ್ಲು ಕೀಳೋದಿದೆ."

"ನೀವು ಜೊತೆಗೆ..."

"ನಾನ್ಯಾಕೆ? ನಿಮಗೆ ಓಡಿಸೋಕೆ ಬರುತ್ತಲ್ಲ?"

ಮೇಷ್ಟ್ರು ಉತ್ತರಿಸುವಷ್ಟರಲ್ಲಿ ಆಕೆ ಒಳಗೆ ಹೋಗಿಯಾಗಿತ್ತು. ಕೀಲಿ ಹಿಡಿದು ಮತ್ತೆ ಪಕ್ಕದ ಬಾಗಿಲಿನ ಬಳಿಗೇ ಹೋದ ಮೇಷ್ಟ್ರು, ಕೂದಲು ಕಂಡು ನೆನಪಾಗಿ, ಸ್ಟೀರಿಂಗಿನ ಕಡೆ ಬಂದರು. ಎರಡು ಕೊಂಡಿ ಬಿಚ್ಚಿ ಚಾವಣಿಯನ್ನು ಕೈಯಿಂದಲೇ ಹಿಂದಕ್ಕೆ ಮಡಚಿದರು. ಕೂತಾಗ ಚಾಪೆಯ ಮೇಲೆ ಕಾಲು ಚಾಚಿ ಕೂತಂತಾಯಿತು. ರಸ್ತೆ ಅಷ್ಟು ಹತ್ತಿರ. ಗೇರಿನ ಕೋಲು ಗಿಡ್ಡ, ಮುಂಗೈ ಆಡಿಸಿದರೆ ಸಾಕು, ತೋಳು ಅಲುಗಬೇಕಿಲ್ಲ.

"ಕನ್ನಡಿ," ಎಂದು ಶುರುಮಾಡಿದರು. "ನ್ಯೂಟ್ರಲ್. ಕ್ಲಚ್ ಪೂರ್ತಿ ಒಳಗೆ. ಮೊದಲನೇ ಗೇರ್. ಇಂಡಿಕೇಟರ್. ಹಿಂದೆ ಯಾರೂ ಇಲ್ಲ. ಹೊರಡಿ."

ಬೀದಿಯ ಕೊನೆಯವರೆಗೆ ಪಾಠ ನಡೆಯಿತು. ಊರು ದಾಟುವವರೆಗೂ ನಡೆಯಿತು. ಗುಡ್ಡ ಶುರುವಾದ ಕೂಡಲೇ ಗಾಳಿ ಜೋರಾಗಿ, ಅರ್ಧ ಮಾತು ಹಿಂದಕ್ಕೆ ಹಾರಿಹೋಗತೊಡಗಿತು. "ಮುಂದೆ ತಿರುವು. ಏರಿನಲ್ಲಿ ಗೇರ್ ಇಳಿಸೋವಾಗ, ಇಂಜಿನ್ ವೇಗ ಸ್ವಲ್ಪ..." ಎಂದರು. ಗೇರ್ ಇಳಿಸಿದರು.

ಆ ವಾಕ್ಯ ಇಂದಿಗೂ ಪೂರ್ತಿಯಾಗಿಲ್ಲ.

ಕೆಂಪು ಕಾರಿಗೆ ಶಕ್ತಿ ಎಷ್ಟಿತ್ತೆಂದರೆ ಅದನ್ನು ಬಳಸಲು ಹೆದರಬೇಕಿತ್ತು. ಬೆಳ್ಳಿ ಕಾರು ಬಳಸಲು ಬಿಡಲಿಲ್ಲ. ಈ ಹಳದಿ ಕಾರಿಗೆ ಇದ್ದದ್ದು ಚೂರು ಶಕ್ತಿ, ಆದರೆ ತೂಕ ಅದಕ್ಕಿಂತ ಕಡಿಮೆ. ಇದ್ದಷ್ಟನ್ನೂ ಕೇಳಿದ ಕ್ಷಣದಲ್ಲೇ ಕೊಟ್ಟಿತು. ಇಂಜಿನ್ ದನಿ ಏರಿತು, ಬೆನ್ನಿಗೆ ಸೀಟು ಒತ್ತಿತು, ಮೂತಿ ತಿರುವಿನೊಳಗೆ ತಾನಾಗಿಯೇ ಹೊಕ್ಕಿತು. ಟೈರಿನ ಕೆಳಗೆ ಪ್ರತಿ ಜಲ್ಲಿಕಲ್ಲು ಸರಿದದ್ದೂ ಮೇಷ್ಟ್ರ ಅಂಗೈಗೆ ತಿಳಿಯಿತು. ಇಷ್ಟು ವರ್ಷ ಬೇರೆಯವರ ಕೈ ನೋಡಿ ಊಹಿಸುತ್ತಿದ್ದದ್ದು ಈಗ ನೇರವಾಗಿ ತಮ್ಮ ಕೈಗೇ ಬರುತ್ತಿತ್ತು. ಎರಡನೇ ತಿರುವು! ಮೂರನೆಯದು! ಪಕ್ಕದ ತಗ್ಗು ಗೋಡೆಗೆ ಇಂಜಿನ್ ದನಿ ಬಡಿದು, ಇನ್ನೊಂದು ಹಳದಿ ಕಾರು ಜೊತೆಗೇ ಓಡಿಬರುತ್ತಿರುವಂತೆ ಮರಳಿ ಕೇಳಿಸಿತು.

ಸ್ಟುಡಿಯೋ ಅಕ್ಕ ಒಂದು ಕೈಯಲ್ಲಿ ಹಾರುವ ತಲೆಗೂದಲು, ಇನ್ನೊಂದರಲ್ಲಿ ಬಾಗಿಲು ಹಿಡಿದು ಗಂಡನ ಬಾಯಿಯನ್ನೇ ನೋಡುತ್ತಿದ್ದರು. ಅದು ಮುಚ್ಚಿತ್ತು. ಮದುವೆಯಾದ ಮೇಲೆ ಮೊದಲ ಸಲ, ವಾಹನದೊಳಗೆ, ಅದು ಮುಚ್ಚಿತ್ತು.

ಟ್ಯಾಂಕ್ ಕಾಣಿಸಿತು. ಹತ್ತಿರ ಬಂತು. ಅಕ್ಕ ತುಟಿ ಕಚ್ಚಿಕೊಂಡರು. ಏನಾದರೂ ಹೇಳಿದರೆ ಕೆಡುತ್ತದೆ ಎನಿಸಿತಂತೆ. ಸಿಮೆಂಟಿನ ಆ ದಪ್ಪ ಕಂಬಗಳು, ವಿದ್ಯಾರ್ಥಿಗಳ ಟೈರು ಉಜ್ಜಿ ಕಪ್ಪಾದ ನೆಲ, ಎಲ್ಲ ಪಕ್ಕಕ್ಕೆ ಬಂತು, ಹಿಂದಕ್ಕೆ ಹೋಯಿತು. ಕಾರು ನಿಲ್ಲಲಿಲ್ಲ.

ಇಬ್ಬರ ಮಾತು ತಾಳೆಯಾಗದ ಜಾಗ ಇದು. ಟ್ಯಾಂಕನ್ನು ಕಂಡೂ ಬೇಕೆಂದೇ ನಿಲ್ಲಿಸದೆ ಹೋದೆ ಎಂದು ಮೇಷ್ಟ್ರ ವಾದ. ಅವರ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ ಎಂದು ಅಕ್ಕನ ವಾದ. ನನಗೆ ತೀರ್ಮಾನಿಸಲು ಆಧಾರ ಸಾಲದು.

ಟ್ಯಾಂಕಿನಾಚೆ ರಸ್ತೆ ಇನ್ನೂ ಕಡಿದು, ತಿರುವು ಇನ್ನೂ ಹತ್ತಿರ ಹತ್ತಿರ. ಮೇಷ್ಟ್ರಿಗೆ ಅಲ್ಲಿಯ ಒಂದು ತಿರುವೂ ಪರಿಚಯವಿಲ್ಲ. ಒಂದಕ್ಕಿಂತ ಒಂದು ಸೊಗಸಾಗಿ, ಪಕ್ಕದ ಕಾಲಿನ ಕಡೆ ಒಮ್ಮೆಯೂ ನೋಡದೆ, ತೆಗೆದುಕೊಂಡರು. ಕೊನೆಯ ತಿರುವು ಮುಗಿದು ದಿಢೀರನೆ ಆಕಾಶ ಅಗಲವಾದಾಗ ಅವರ ಗಂಟಲಿನಿಂದ ಒಂದು ಸದ್ದು ಹೊರಟಿತು. ಅಕ್ಕ ಮೊದಲು ಗಾಬರಿಯಾದರು. ಆಮೇಲೆ ನೋಡಿದರೆ ನಗು. ತಲೆ ಹಿಂದಕ್ಕೆ ಹಾಕಿ, ದವಡೆಯ ಹಲ್ಲಿಗೆ ತುಂಬಿಸಿದ ಬೆಳ್ಳಿಯೂ ಕಾಣುವಷ್ಟು ಬಾಯಿ ತೆರೆದು ನಗು. ಅಷ್ಟು ವರ್ಷ ಫೋಟೋ ತೆಗೆದರೂ ಆ ಬೆಳ್ಳಿ ಆಕೆಯ ಯಾವ ಚಿತ್ರಕ್ಕೂ ಸಿಕ್ಕಿರಲಿಲ್ಲ.

ತುದಿಯಲ್ಲಿ ನಿಲ್ಲಿಸಿದರು. ಇಂಜಿನ್ ಆರಿಸಿದ ಮೇಲೆ ಲೋಹ ತಣಿಯುವ ಟಿಕ್ ಟಿಕ್ ಸದ್ದು ಮಾತ್ರ. ಮೇಷ್ಟ್ರಿಗೆ ಆಗ ಜಡ್ಜಿನ ನೆನಪಾಯಿತು. ನಗು ಇಳಿಯಿತು.

"ಏನಂತೀಯ?"

ಆಕೆ ಮುಂದೆ ನೋಡುತ್ತ ಕೂತಿದ್ದರು. "ಇಳೀರಿ."

"ಯಾಕೇ? ಜೋರಾಯ್ತಾ? ಹಳೇ ಕಾರು ಅಂತ ನಾನು ಮೊದಲೇ..."

"ಇಳೀರಿ ಅಂದೆ. ಈ ಕಡೆ ಬನ್ನಿ."

ಮೇಷ್ಟ್ರು ಇಳಿದರು. ಮುಖ ಸಣ್ಣದಾಗಿತ್ತು. ಕೀಲಿಯನ್ನು ಬಾನೆಟ್ಟಿನ ಮೇಲಿಟ್ಟರು. ಆಕೆ ಸುತ್ತಿ ಬಂದು, ಕೀಲಿ ಎತ್ತಿಕೊಂಡು, ಸ್ಟೀರಿಂಗಿನ ಮುಂದೆ ಕೂತು ಸೀಟನ್ನು ಮುಂದಕ್ಕೆಳೆದರು.

"ನಮ್ಮ ಕಾರನ್ನ ನಾನೂ ಒಂದ್ಸಲ ಓಡಿಸಿ ನೋಡ್ಬೇಕಲ್ಲ?"

ಮೇಷ್ಟ್ರಿಗೆ 'ನಮ್ಮ' ಎಂಬ ಮಾತು ಒಳಗಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಇಳಿದ ಮೇಲೆ ಅವರು ಬಾಗಿಲು ತೆಗೆಯಲು ಹೋಗಲಿಲ್ಲವಂತೆ. ಆ ವಯಸ್ಸಿನಲ್ಲಿ ಬಾಗಿಲಿನ ಮೇಲಿಂದಲೇ ಕಾಲು ದಾಟಿಸಲು ಹೋಗಿ, ಪ್ಯಾಂಟಿನ ಹೊಲಿಗೆ ಬಿಚ್ಚಿಕೊಂಡು, ನಾಯಿಕೂದಲಿನ ಮೇಲೆ ಧೊಪ್ಪನೆ ಕೂತರು.

"ಕನ್ನಡಿ ನೋಡು," ಎಂದರು ತಕ್ಷಣ. "ಇಳಿಜಾರು, ಎರಡನೇ ಗೇರಲ್ಲೇ ಹೋಗು. ನಿಧಾನ... ನಿಧಾನ..."

"ಅಲ್ಲಿ ಬ್ರೇಕ್ ಇಲ್ಲ ಕಣ್ರೀ. ಕಾಲು ತೆಗೀರಿ."

ಈಗ ಪೆಟ್ರೋಲ್ ಬಂಕಿನಲ್ಲಿ ಆ ಹಳದಿ ಕಾರು ನಿಂತರೆ ಯಾರಾದರೊಬ್ಬರು ಬಂದು ಕೇಳಿಯೇ ಕೇಳುತ್ತಾರೆ: ಅಷ್ಟೊಂದು ಕಾರು ಇರುವಾಗ ಇದನ್ನೇ ಯಾಕೆ ತಗೊಂಡಿರಿ? ಮೇಷ್ಟ್ರು ತೂಕ, ಗೇರು, ಎರಡು ಚಕ್ರದ ನಡುವಿನ ಅಂತರ ಎಲ್ಲವನ್ನೂ ವಿವರಿಸುತ್ತಾರೆ. ಅಕ್ಕ ಅಷ್ಟೂ ಮುಗಿಯುವವರೆಗೆ ಕಾದು, "ಇದರಲ್ಲಿ ಕೂತ್ರೆ ಇವರು ಮಾತಾಡಲ್ಲ," ಎನ್ನುತ್ತಾರೆ.

ಅದು ಅರ್ಧ ದಾರಿಯ ಮಟ್ಟಿಗೆ ಮಾತ್ರ ನಿಜ. ಅವರದು ಈಗ ಒಂದು ಪದ್ಧತಿಯಾಗಿದೆ. ರಜೆಯ ದಿನ ಗುಡ್ಡಕ್ಕೆ ಹೊರಟರೆ ನೀರಿನ ಟ್ಯಾಂಕಿನವರೆಗೆ ಓಡಿಸುವುದು ಅಕ್ಕ. ಅಲ್ಲಿಯತನಕ ಮೇಷ್ಟ್ರ ಪಾಠ, ಮೇಷ್ಟ್ರ ಕಾಲು ಎರಡೂ ಬಿಡುವಿಲ್ಲದೆ ನಡೆಯುತ್ತವೆ. ಪಕ್ಕದ ಸೀಟಿನ ಮುಂದಿನ ಮ್ಯಾಟಿನಲ್ಲಿ ಆಗಲೇ ನಾಣ್ಯದಷ್ಟು ಜಾಗ ಸವೆದಿದೆ. ಟ್ಯಾಂಕಿನ ಹತ್ತಿರ ಏರಿನಲ್ಲಿ ಕಾರು ನಿಲ್ಲುತ್ತದೆ, ಹ್ಯಾಂಡ್‌ಬ್ರೇಕ್ ಬೀಳುತ್ತದೆ. ಇಬ್ಬರೂ ಇಳಿದು, ಮೂತಿಯ ಮುಂದೆ ಒಬ್ಬರನ್ನೊಬ್ಬರು ದಾಟಿ, ಸೀಟು ಬದಲಿಸಿಕೊಳ್ಳುತ್ತಾರೆ.

ಅಲ್ಲಿಂದ ಮುಂದಕ್ಕೆ ಇಂಜಿನ್ ದನಿ ಮಾತ್ರ.